ಮೂರು ಸೀಟು ಖಾಲಿ

ಗಡಿಬಿಡಿ ಎಂದೇ ಹೆಸರಾದ ಅವನು ಬೆರಳು ಮಡಚಿ ಎಣಿಸಿ, ಒಂಬತ್ತು ಎಂದು ಬರೆದಿದ್ದ. ಕೆಟ್ಟಿದ್ದು ಅಲ್ಲೇ.

ಅವರದು ಅಂಗಡಿಗಳಿಗೆ ತೂಕದ ಯಂತ್ರ ಮಾಡುವ ಸಣ್ಣ ಕಾರ್ಖಾನೆ. ಯಂತ್ರ ಸಾಮಾನುಗಳ ಪಟ್ಟಿ ಕಳಿಸಬೇಕು; ಗಡಿಬಿಡಿಯ ಪ್ರೋಗ್ರಾಮು ಅದನ್ನು ಪರದೆಯ ಮೇಲೆ ತೋರಿಸಬೇಕು. ಮೂರು ಗಂಟೆಗೆ ಗಿರಾಕಿಗಳೆದುರು ಇದು ನಡೆದರೆ ರಜೆ, ಐದರ ಬಸ್ಸು. ಹೆಂಡತಿಯ ತವರಿನಲ್ಲಿದ್ದ ಹತ್ತು ದಿನದ ಮಗಳ ಮುಖವನ್ನು ಅವನಿನ್ನೂ ನೋಡಿರಲಿಲ್ಲ.

ಬೆಳಗ್ಗೆ ನೋಡಿದರೆ, ಮೊದಲ ಸಾಮಾನಿನ ಹೆಸರು ಸರಿ. ಎರಡನೆಯದರ ಮುಂದೆ ಮೂರು ಕಸದ ಗುರುತು, ಹಿಂದೆ ಬಾಲವೇ ಮಾಯ. ಮೂರನೆಯದು ಬೆಕ್ಕು ಓಡಾಡಿದ ರಂಗೋಲಿಯಂತಿತ್ತು.

"ವೈರು ಲೂಸು ಕಣಯ್ಯಾ" ಎಂದು ಬೆಸುಗೆಯಣ್ಣ ನೆಟ್ಟಗಿದ್ದ ವೈರು ಕಿತ್ತು ಮತ್ತೆ ಬೆಸೆದ. ಮ್ಯಾನೇಜರು ಯಂತ್ರದ ಬೆನ್ನಿಗೆ ಎರಡು ಗುದ್ದಿದರು. "ನಮ್ಮನೆ ರೇಡಿಯೋ ಇದಕ್ಕೇ ಬಗ್ಗೋದು."

ಕೊನೆಗೆ, ಯಂತ್ರದೊಳಗಿನ ಪ್ರೋಗ್ರಾಮು ಬರೆದ ಅಕ್ಕ ಕನ್ನಡಕ ಏರಿಸಿದಳು.

"ಒಂದೊಂದು ಸಾಮಾನಿಗೆ ಎಷ್ಟು ಬೈಟು ಜಾಗ ಇಟ್ಟಿದ್ದೀಯೋ?"

"ಒಂಬತ್ತು. ಯೂನಿಯನ್ ತಾನೆ ಅಕ್ಕಾ? ಹೆಸರಿಗೂ ನಂಬರಿಗೂ ಸೇರಿ ಒಂದೇ ಕೋಣೆ, ಅಕ್ಷರಕ್ಕೊಂದು ಬೈಟು. ಒಂಬತ್ತಕ್ಷರದ ಹೆಸರಾದ್ರೂ ಇರುತ್ತೆ, ನಾಲ್ಕು ಬೈಟಿನ ನಂಬರಾದ್ರೂ ಇರುತ್ತೆ. ದೊಡ್ಡದು ಹಿಡಿಸಿದ್ರೆ ಆಯ್ತಲ್ಲ!"

"ಆ ನಂಬರು ಜಂಬದ ಅಳಿಯ ಕಣೋ. ನಾಲ್ಕರ ಮಗ್ಗಿ ಬಿಟ್ಟು ಬೇರೆ ಕಡೆ ಕೂರಲ್ಲ. ಬರಲಿ ಬಿಡಲಿ, ಕೋಣೆ ಕಟ್ಟೋದು ಅವನ ಲೆಕ್ಕಕ್ಕೆ. ಒಂಬತ್ತು ಸಾಕಾದ್ರೂ ಹನ್ನೆರಡು. ಮೂರು ಸೀಟು ಖಾಲಿ. ಯಂತ್ರ ಹನ್ನೆರಡರಂತೆ ಕಳಿಸ್ತಿದೆ, ನೀನು ಒಂಬತ್ತರಂತೆ ಕತ್ತರಿಸ್ತಿದ್ದೀಯ."

ಅವಳ ಮಾತು ಮುಗಿಯುವ ಮೊದಲೇ ಗಡಿಬಿಡಿ ಓಡಿದ. ತನ್ನ ಪ್ರೋಗ್ರಾಮಿನ ಒಂಬತ್ತನ್ನು ಹೊಡೆದು ಹನ್ನೆರಡು ಮಾಡಿದ. ಅಷ್ಟರಲ್ಲಿ ಯಂತ್ರ ಗಿರಾಕಿಗಳ ಮುಂದೆ ಹೋಗಿ ಕೂತಿತ್ತು, ಪರೀಕ್ಷಿಸಲು ಹೊತ್ತಿರಲಿಲ್ಲ. ಇರಲಿ, ಲೆಕ್ಕ ಸರಿಯಿದೆಯಲ್ಲ! ಅವನ ಮನಸ್ಸು ಆಗಲೇ ಬಸ್ಸಿನ ಕಿಟಕಿ ಪಕ್ಕ ಜಾಗ ಹಿಡಿದಿತ್ತು.

ಪರದೆ ಬೆಳಗಿತು. ಮೊದಲ ಹೆಸರು ಸರಿ. ಮ್ಯಾನೇಜರು ಚಪ್ಪಾಳೆ ತಟ್ಟಿದರು. ಎರಡನೆಯದು ಬಂತು. ಈ ಸಲ ಬಾಲ ಇತ್ತು, ತಲೆ ಇರಲಿಲ್ಲ. ಬಾಲದ ತುದಿಗೆ ಮೂರನೆಯದರ ತಲೆ ಅಂಟಿಕೊಂಡಿತ್ತು.

ಗಿರಾಕಿಯೊಬ್ಬ ಹೊಟ್ಟೆ ಹಿಡಿದು ನಕ್ಕ. "ಚೆನ್ನಾಗಿದೆ ಸಾರ್! ನಾಳೆ ಪೂರ್ತಿ ತೋರಿಸಿ."

"ಐದರ ಬಸ್ಸು ನಾಳೆನೂ ಇರುತ್ತಪ್ಪಾ" ಎಂದರು ಮ್ಯಾನೇಜರು.

ಅಕ್ಕ ಮೆಲ್ಲಗೆ ಪಕ್ಕಕ್ಕೆ ಬಂದಳು. "ಇದ್ಯಾಕೋ ಹೀಗಾಯ್ತು? ಪಾಪ, ಮಗು ಮುಖ ನೋಡ್ಕೊಂಡು ಬರಲಿ ಅಂತ ಯಂತ್ರದ ಕಡೆಯಿಂದ ಆ ಮೂರು ಸೀಟು ನಾನೇ ಕಿತ್ತು, ಒಂಬತ್ತಕ್ಕೇ ಇಳಿಸಿದ್ದೆನಲ್ಲೋ!"