ಹಿಮಕ್ಕೆ ಹೊರಟ ಕೆಂಪು ಜಾಕೆಟ್

ಹಿಂದಿನ ವರ್ಷದ ನನ್ನ ಡೈರಿ, ನವೆಂಬರ್ ಆರು: "ಹಿಮಾಲಯ ಚಾರಣಕ್ಕೆ ಹೆಸರು ಕೊಟ್ಟೆ. ಇವರು ನಕ್ಕರು."

ನಾನು ಯಾವುದನ್ನಾದರೂ ಕ್ರಮಬದ್ಧವಾಗಿ ಮಾಡಲು ಹೊರಟರೆ ಸಾಕು, ಉಡುಪಿಯಿಂದ ಕಾರ್ಕಳದವರೆಗೆ ಒಬ್ಬರಲ್ಲ ಒಬ್ಬರು ಅದನ್ನು ತಮಾಷೆ ಮಾಡಿಬಿಡುತ್ತಾರೆ. ಮನೆಯಲ್ಲಿ ಆ ಕೆಲಸ ನನ್ನ ಯಜಮಾನರದು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಅವರಿಗೆ ಬೇರೆ ಕೆಲಸವೂ ಇಲ್ಲ.

"ಫ್ಯಾನು ಮೂರರಲ್ಲಿಟ್ಟರೆ ಶಾಲು ಹುಡುಕುವವಳು ನೀನು. ಹಿಮ ನೋಡಬೇಕಾದರೆ ಫ್ರೀಜರಿನ ಬಾಗಿಲು ತೆರೆ ಮಾರಾಯ್ತಿ" ಎಂದರು.

"ನಾನು ಹಿಮದಲ್ಲಿ ನಿಂತರೆ?"

"ನಿಂತ ಫೋಟೊ ಕಳುಹಿಸು. ಆಮೇಲೆ ಬದುಕಿರುವವರೆಗೆ ಬೆಳಗಿನ ಕಾಫಿ ನನ್ನದು."

ಮದುವೆಯಾದಂದಿನಿಂದ ಎಲ್ಲರಿಗಿಂತ ಮೊದಲು ಎದ್ದು ಡಿಕಾಕ್ಷನ್ ಇಳಿಸಿದವಳು ನಾನು. ಇಂಥ ಬಹುಮಾನ ಮತ್ತೆ ಸಿಗುವುದಿಲ್ಲ. ಮೂಲೆಯಲ್ಲಿ ಜಪಮಾಲೆ ಹಿಡಿದಿದ್ದ ಅತ್ತೆ ಕಣ್ಣು ತೆರೆಯದೆಯೇ "ನಾನು ಸಾಕ್ಷಿ" ಎಂದರು.

ಬೆವರಿನ ವಿಜ್ಞಾನ

ದೇಶದ ಮೂಲೆ ಮೂಲೆಯ ಮಕ್ಕಳು ಓದುವ ಮಣಿಪಾಲದಲ್ಲಿ ಚಳಿಯ ಬಟ್ಟೆ ಸಿಗದೆ ಇರುತ್ತದೆಯೇ ಎಂದು ಹೋದೆ. ಅಂಗಡಿಯವರು ಬಹಳ ವಿಶ್ವಾಸದಿಂದ ಒಂದು ರೇನ್‌ಕೋಟ್ ಹರಡಿದರು.

"ಇದು ಮಳೆಗೆ ಅಲ್ವಾ? ನನಗೆ ಮೈನಸ್ ಐದು ಡಿಗ್ರಿಗೆ ಬೇಕು."

"ಅದಕ್ಕೂ ಆಗ್ತದೆ ಮೇಡಂ. ಒಮ್ಮೆ ಹಾಕಿ ನೋಡಿ, ಹೇಗೆ ಬೆವರು ಬರ್ತದೆ!"

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ., ಅದೂ ರ‍್ಯಾಂಕಿನೊಂದಿಗೆ. ಆದರೂ ಹಾಕಿ ನೋಡಿದೆ. ಬೆವರು ಬಂತು. "ನಾನು ಹೇಳಲಿಲ್ವಾ?" ಎಂದು ಅವರು ಬಿಲ್ ಪುಸ್ತಕ ತೆಗೆದರು.

ಒಳಗೆ ಬಾರದ ನೆಂಟರು

ಕೊನೆಗೆ ಆನ್‌ಲೈನಿನಲ್ಲಿ ಕೆಂಪು ಡೌನ್ ಜಾಕೆಟ್ ತರಿಸಿದೆ. ಅತ್ತೆ ಒತ್ತಿ ನೋಡಿದರು.

"ಎಷ್ಟು ಮೆತ್ತಗೆ ಉಂಟು! ಹತ್ತಿಯಾ?"

"ಅಲ್ಲ ಅತ್ತೆ, ಬಾತುಕೋಳಿಯ ಪುಕ್ಕ."

ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡರು. "ಕೋಳಿಯಾ?"

"ಕೋಳಿ ಅಲ್ಲ, ಬಾತುಕೋಳಿ."

"ಬಾತು ಅಂತ ಸೇರಿಸಿದರೆ ಅದು ತರಕಾರಿ ಆಗ್ತದಾ?"

ಅವರು ಎರಡನೆಯ ಸಲ ಸ್ನಾನಕ್ಕೆ ಹೋದರು. ಜಾಕೆಟ್ ಜಗಲಿಯ ಕುರ್ಚಿಗೆ ಹೋಯಿತು. ತೋಳು ಚಾಚಿ, ಟೋಪಿ ಬಾಗಿಸಿ ಕುಳಿತಿದ್ದ ಅದನ್ನು ಗೇಟಿನಿಂದಲೇ ನೋಡಿದ ಅಂಚೆಯವರು, "ನೆಂಟರು ಬಂದಿದ್ದಾರಾ ಅಮ್ಮ?" ಎಂದು ಕೇಳಿದರು.

"ಹೌದು. ಒಳಗೆ ಬರುವ ಹಾಗಿಲ್ಲ" ಎಂದೆ.

ತೂಕದ ಅಭ್ಯಾಸ

ಚಾರಣದವರು ಒಂಬತ್ತು ಕಿಲೋ ಚೀಲ ಹೊತ್ತು ಅಭ್ಯಾಸ ಮಾಡಿ ಎಂದು ಸೂಚನೆ ಕಳುಹಿಸಿದ್ದರು. ಕರಾವಳಿಯ ಮನೆಯಲ್ಲಿ ಒಂಬತ್ತು ಕಿಲೋ ಎಂದರೆ ಇನ್ನೇನು, ತೆಂಗಿನಕಾಯಿ. ಚೀಲದ ತುಂಬ ತುಂಬಿಸಿ, ಉಣ್ಣೆಯ ಟೋಪಿ, ಕೈಗವಸು, ದಪ್ಪ ಬೂಟು ಸಮೇತ ಕಾರ್ಕಳದ ಗೊಮ್ಮಟನ ಬೆಟ್ಟ ಹತ್ತಿದೆ. ಬಿಸಿಲು ಕಲ್ಲಿನ ಮೇಲೆ ದೋಸೆ ಹೊಯ್ಯುವ ಹಾಗಿತ್ತು. ಅರ್ಧ ದಾರಿಯಲ್ಲಿ ಉಸಿರು ಬಿಡಲು ಕುಳಿತು, ನೀರಿನ ಬಾಟಲಿಗಾಗಿ ಕಾಯಿಗಳನ್ನು ತೆಗೆದು ಪಕ್ಕದಲ್ಲಿಟ್ಟೆ.

ಪ್ರವಾಸಿಗರ ಗುಂಪೊಂದು ನಿಂತಿತು. "ಒಂದಕ್ಕೆ ಎಷ್ಟಮ್ಮ?"

"ಮಾರಾಟಕ್ಕಲ್ಲ. ನಾನು ಹಿಮಾಲಯಕ್ಕೆ ಹೋಗುವವಳು."

ಅವರಲ್ಲಿ ಹಿರಿಯರೊಬ್ಬರು ನನ್ನನ್ನು ಉಣ್ಣೆಯ ಟೋಪಿಯಿಂದ ಬೂಟಿನವರೆಗೆ ನೋಡಿ, ಹೆಂಡತಿಯ ಹತ್ತಿರ ಮೆಲ್ಲಗೆ ಹೇಳಿದರು: "ಪಾಪ, ಮನೆಯವರು ಯಾರೂ ಇಲ್ಲವೋ ಏನೋ. ಎರಡು ತೆಗೆದುಕೊಳ್ಳೋಣ."

ಎರಡು ತೆಗೆದುಕೊಂಡರು. ಇಳಿಯುವಾಗ ಚೀಲ ಹಗುರವಾಗಿತ್ತು.

ಕಾಪುವಿನ ಪ್ರಯೋಗಾಲಯ

ಜಾಕೆಟ್ ನಿಜವಾಗಿಯೂ ಚಳಿ ತಡೆಯುತ್ತದೆಯೇ? ಪರೀಕ್ಷಿಸದೆ ನಂಬುವುದು ನನ್ನ ಕ್ರಮವಲ್ಲ. ಮೈನಸ್ ಐದು ಡಿಗ್ರಿ ನಮ್ಮ ಜಿಲ್ಲೆಯಲ್ಲಿ ಇರುವುದು ಮೀನಿನ ಕೋಲ್ಡ್ ಸ್ಟೋರೇಜಿನಲ್ಲಿ ಮಾತ್ರ. ನನ್ನ ಕಾಲೇಜಿನ ಗೆಳತಿಯದು ಕಾಪುವಿನಲ್ಲಿ ಒಂದು ಉಂಟು.

ಬಂಗುಡೆಯ ಪೆಟ್ಟಿಗೆಗಳ ನಡುವೆ ಸ್ಟೂಲು ಹಾಕಿ ಅರ್ಧ ಗಂಟೆ ಕುಳಿತೆ. ಚಳಿ ಆಗಲಿಲ್ಲ. ಪ್ರಯೋಗ ಯಶಸ್ವಿ. ಹೊರಗೆ ಬಂದಾಗ ಗೆಳತಿ ಮೂಗಿಗೆ ಸೆರಗು ಹಿಡಿದಳು.

"ಎಂತ?" ಎಂದೆ.

"ಏನಿಲ್ಲ. ಇಷ್ಟು ದಿನ ಜಾಕೆಟಿನೊಳಗೆ ಬಾತುಕೋಳಿ ಮಾತ್ರ ಇತ್ತು, ಅಲ್ವಾ?"

ಮೂರು ಸಲ ಒಗೆದೆ. ಶಂಕರಪುರದ ಮಲ್ಲಿಗೆಯ ಮಾಲೆ ಸುತ್ತಿದ ಚೆಂಡೊಂದನ್ನು ಜೇಬಿನಲ್ಲಿಟ್ಟೆ. ಆಮೇಲೆ ಅದು ಮಲ್ಲಿಗೆ ಮುಡಿದ ಬಂಗುಡೆಯ ಹಾಗೆ ನಾರತೊಡಗಿತು.

ಹಿಮ

ಹಿಮಾಲಯ ತಲುಪಿದಾಗ ಬೆಟ್ಟದ ಬುಡದಲ್ಲಿಯೇ ಎರಡು ದಪ್ಪ ಕೂದಲಿನ ನಾಯಿಗಳು ನನ್ನನ್ನು ಗುರುತಿಸಿದವು. ಗುಂಪಿನಲ್ಲಿ ಹದಿನಾಲ್ಕು ಜನರಿದ್ದರೂ ಅವಕ್ಕೆ ಬೇಕಾದದ್ದು ನಾನೊಬ್ಬಳೇ. "ಪ್ರಾಣಿಗಳಿಗೆ ಒಳ್ಳೆಯ ಮನಸ್ಸು ತಿಳಿಯುತ್ತದೆ ಮಾತಾಜಿ" ಎಂದ ಚಾರಣದ ನಾಯಕ. ನಾನು ತಿದ್ದಲಿಲ್ಲ.

ಅದೇ ನಾಯಕ ಮೂರನೆಯ ದಿನ ಇನ್ನೊಂದು ವಿಷಯ ಹೇಳಿದ. ಈ ಸಲ ಹಿಮವೇ ಬಿದ್ದಿಲ್ಲವಂತೆ. ತುದಿಯಲ್ಲೂ ಇಲ್ಲವಂತೆ. ಬರೀ ಒಣ ಹುಲ್ಲು. ನನ್ನ ಕಣ್ಣೆದುರು ಬಂದದ್ದು ಬೆಟ್ಟವಲ್ಲ, ನಮ್ಮ ಕಾಫಿ ಫಿಲ್ಟರ್.

ಆದರೂ ಹತ್ತಿದೆ. ನಿಂತರೆ ನಾಯಿಗಳು ಬೆನ್ನಿಗೆ ಮೂಗು ಒತ್ತುತ್ತಿದ್ದುದರಿಂದ ನಿಲ್ಲುವ ಹಾಗಿರಲಿಲ್ಲ. ಹಾಗಾಗಿ ಎಲ್ಲರಿಗಿಂತ ಮೊದಲು ತುದಿ ಮುಟ್ಟಿದವಳು ನಾನು. ಫೋನು ಕೊಟ್ಟು, ಒಂದು ಫೋಟೊ ತೆಗೆ ಎಂದು ಹಿಂದೆಯೇ ಬಂದ ಹುಡುಗಿಗೆ ಹೇಳಿ ಕೈ ಎತ್ತಿದೆ. ಅಷ್ಟರಲ್ಲಿ ಒಂದು ನಾಯಿಗೆ ತಾಳ್ಮೆ ತಪ್ಪಿತು. ಜೇಬಿಗೆ ಬಾಯಿ ಹಾಕಿ ಎಳೆಯಿತು. ಪರ್ರೆಂದು ಜಾಕೆಟ್ ಹರಿಯಿತು, ಗಾಳಿ ಬೀಸಿತು, ಒಳಗಿದ್ದ ಬಾತುಕೋಳಿಯೆಲ್ಲ ಆಕಾಶಕ್ಕೆ ಹಾರಿ ಬೆಳ್ಳಗೆ ನನ್ನ ತಲೆ, ಹೆಗಲು, ಸುತ್ತಲಿನ ಹುಲ್ಲಿನ ಮೇಲೆ ಇಳಿಯತೊಡಗಿತು.

"ಸ್ನೋಫಾಲ್!" ಎಂದು ಕೆಳಗಿನಿಂದ ಬರುತ್ತಿದ್ದವರು ಕೂಗಿದರು. ಹುಡುಗಿ ಕ್ಲಿಕ್ ಮಾಡಿದಳು.

ನಾನು ಸುಳ್ಳು ಹೇಳುವವಳಲ್ಲ. ಫೋಟೊ ಕಳುಹಿಸಿದೆ, ಕೆಳಗೆ ಒಂದು ಅಕ್ಷರವನ್ನೂ ಬರೆಯಲಿಲ್ಲ. ಯಜಮಾನರ ಉತ್ತರ ಬಂತು: "ಸೋತೆ."

ಮನೆಗೆ ಬಂದ ದಿನ ಅತ್ತೆ ಕನ್ನಡಕ ಏರಿಸಿ, ಫೋಟೊವನ್ನು ಬೆರಳಲ್ಲಿ ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ಆ ಹಿಮ ನಾನು ಮುಟ್ಟಿ ಸ್ನಾನ ಮಾಡಿದ್ದೇನೆ. ಕಾಫಿ ನನಗೂ ಒಂದು ಲೋಟ ಮಾಡಲು ಹೇಳು."

ಒಟ್ಟು ತಗಲಿದ್ದು ಇಷ್ಟು: ಒಂದು ಜಾಕೆಟ್, ಇಂದಿಗೂ ಬೆವರು ತರಿಸುವ ಒಂದು ರೇನ್‌ಕೋಟ್, ಎರಡು ತೆಂಗಿನಕಾಯಿ, ಒಂದು ಚೆಂಡು ಮಲ್ಲಿಗೆ. ಜೊತೆಗೆ ದಿನಾ ಬೆಳಿಗ್ಗೆ ಯಜಮಾನರು ಮಾಡುವ ಕಾಫಿ. ಅದನ್ನು ಅತ್ತೆ ಮತ್ತು ನಾನು ಕುಡಿಯಬೇಕು, ಕುಡಿದು "ಚೆನ್ನಾಗಿ ಉಂಟು" ಎನ್ನಬೇಕು.