ಅತ್ತೆಯರ ಲೆಕ್ಕ

ಬುದ್ಧಿಗೆ ತುಕ್ಕು ಹಿಡಿಯಲು ನಾನು ಬಿಡುವುದಿಲ್ಲ! ಅಂಚೆ ಕಚೇರಿಯಲ್ಲಿ ಆಯುಷ್ಯವೆಲ್ಲ ಕಾಗದ ವಿಂಗಡಿಸಿದ ತಲೆ ಇದು. ನಿವೃತ್ತಿಯಾಯಿತೆಂದು ಮೂಲೆ ಸೇರುವ ಜಾಯಮಾನ ಅದರದ್ದಲ್ಲ. ವಯಸ್ಸಾದ ಮೇಲೆ ಪ್ರೋಗ್ರಾಮಿಂಗ್ ಕಲಿತರೆ ಮೆದುಳು ಚುರುಕಾಗುತ್ತದಂತೆ ಎಂದು ಎಲ್ಲೋ ಓದಿದ್ದೇ ತಡ, ಮಗಳ ಹಳೆಯ ಲ್ಯಾಪ್‌ಟಾಪಿನ ಧೂಳು ಕೊಡವಿ ಊಟದ ಮೇಜಿನ ಮೇಲೆ ಪ್ರತಿಷ್ಠಾಪಿಸಿಯೇಬಿಟ್ಟೆ.

ಅವಸರಕ್ಕೆ ಕಾರಣವಿತ್ತು. ಬಲ್ಬ್ ತರಲು ಹೋದವನು ಕ್ಷೌರ ಮಾಡಿಸಿಕೊಂಡು, ಬಲ್ಬ್ ಇಲ್ಲದೆ ಮನೆಗೆ ಬಂದಿದ್ದೆ. ಅಷ್ಟಕ್ಕೇ ನನ್ನ ಹೆಂಡತಿ ಮರೆವಿನ ಡಾಕ್ಟರ ಹತ್ತಿರ ಸೋಮವಾರದ ಪರೀಕ್ಷೆಗೆ ಹೆಸರು ಬರೆಸಿದ್ದಳು. ಅದರಲ್ಲಿ ಫೇಲಾದರೆ ನನ್ನ ಸ್ಕೂಟರಿನ ಕೀ ಮಗಳ ಕೈಗೆ ಹೋಗುತ್ತದೆಂದು ತಾಯಿ ಮಗಳು ಆಗಲೇ ಮಾತಾಡಿಕೊಂಡಿದ್ದರು.

"ಭಾನುವಾರ ನನ್ನ ಪ್ರೋಗ್ರಾಮ್ ನೋಡು. ಆಮೇಲೂ ಡಾಕ್ಟ್ರು ಬೇಕು ಅನ್ಸಿದ್ರೆ ಬಾಯಿ ಮುಚ್ಕೊಂಡು ಬರ್ತೀನಿ," ಎಂದೆ.

"ಬಾಯಿ ಮುಚ್ಕೊಂಡ್ರೆ ಅವರು ಪರೀಕ್ಷೆ ಹೇಗೆ ಮಾಡ್ತಾರೆ?" ಎಂದಳು.

ನನ್ನ ಪ್ರೋಗ್ರಾಮ್ ಸಾಮಾನ್ಯದ್ದಲ್ಲ. ನೆಂಟರ ಹೆಸರನ್ನೂ ಅವರು ನನಗೆ ಏನಾಗಬೇಕೆಂಬುದನ್ನೂ ತುಂಬಿದರೆ ಸಾಕು, ಯಾರಿಗೆ ಯಾರು ಏನಾಗಬೇಕೆಂದು ಅದೇ ಬಿಡಿಸಿ ಹೇಳಬೇಕು! ಹೆಂಡತಿ ಪಕ್ಕದಲ್ಲಿ ಕೂತು ಒಂದೊಂದೇ ಹೆಸರು ಹೇಳಿದಳು. ನಾನು ಒಂಟಿ ಬೆರಳಿನಲ್ಲಿ ಕುಟ್ಟಿದೆ.

ಭಾನುವಾರ ಮಗಳು ಬಂದಳು. ನನ್ನ ಅಪ್ಪನ ತಂಗಿ, ಅಂದರೆ ನನ್ನ ಸೋದರತ್ತೆಯನ್ನೂ ಕರೆತಂದಳು. ಅತ್ತೆಗೆ ಕಿವಿ ಮಂದ, ನಾಲಿಗೆ ಚುರುಕು. ಎಲ್ಲರನ್ನೂ ಮೇಜಿನ ಸುತ್ತ ಕೂರಿಸಿ, ತೋಳು ಮಡಚಿ, ಗುಂಡಿ ಒತ್ತಿದೆ. ಪರದೆಯ ಮೇಲೆ ಬಂದದ್ದನ್ನು ಮಗಳು ಜೋರಾಗಿ ಓದಿದಳು.

"ನಿಮಗೆ ನಾಲ್ವರು ಹೆಂಡತಿಯರು."

"ಇನ್ನು ಮೂರು ಜನ ಯಾರು?" ಹೆಂಡತಿಯ ದನಿ ತಣ್ಣಗಿತ್ತು. ಕೂಗಾಡಿದ್ದರೆ ಧೈರ್ಯವಾಗಿರುತ್ತಿತ್ತು.

ಬೆವರೊರೆಸಿಕೊಂಡು ನೋಡಿದೆ. 'ಅತ್ತೆ ಎಂದರೆ ಹೆಂಡತಿಯ ತಾಯಿ' ಎಂದು ಯಂತ್ರಕ್ಕೆ ಕಲಿಸಿದ್ದವನು ನಾನೇ. ಆಮೇಲೆ ಹೆಂಡತಿಯ ತಾಯಿಯ ಜೊತೆಗೆ ಅಪ್ಪನ ತಂಗಿಯರಿಬ್ಬರನ್ನೂ ಸೋದರಮಾವನ ಹೆಂಡತಿಯನ್ನೂ 'ಅತ್ತೆ' ಎಂದೇ ತುಂಬಿಸಿದ್ದವನೂ ನಾನೇ! ಪಾಪ, ಅದಕ್ಕೇನು ಗೊತ್ತು? ಅತ್ತೆಗೊಬ್ಬಳು ಮಗಳಿರಲೇಬೇಕು, ಆ ಮಗಳಿಗೆ ಗಂಡ ನಾನಾಗಿರಲೇಬೇಕು ಎಂದು ಓಲಗವಿಲ್ಲದೆ ಮದುವೆಗಳನ್ನು ಮುಗಿಸಿಬಿಟ್ಟಿತ್ತು.

ಮಗಳು ಅತ್ತೆಯ ಕಿವಿಯಲ್ಲಿ ವಿಷಯ ಕೂಗಿ ಹೇಳಿದಳು.

"ನನಗಿರೋದು ಎರಡೂ ಗಂಡುಮಕ್ಕಳು," ಎಂದರು ಅತ್ತೆ. "ಇವನು ಯಾರನ್ನ ಕಟ್ಕೊಂಡ?"

ಮಗಳು ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು. "ಒಂದು ನಿಮಿಷ, ಈಗ ಸರಿಮಾಡ್ತೀನಿ," ಎಂದು ಆ ಸಾಲನ್ನೇ ಕಿತ್ತು ಬಿಸಾಡಿದೆ. ಊಹೆಗೀಹೆ ಬೇಡ, ನಾನು 'ಹೆಂಡತಿ' ಎಂದು ತುಂಬಿಸಿದ ಹೆಸರನ್ನಷ್ಟೇ ತೋರಿಸು ಎಂದು ಬರೆದೆ. ಎದೆಯುಬ್ಬಿಸಿ ಮತ್ತೆ ಗುಂಡಿ ಒತ್ತಿದೆ.

"ಹೆಂಡತಿ: ಯಾರೂ ಇಲ್ಲ," ಎಂದು ಓದಿದಳು ಮಗಳು. ಈ ಸಲ ನಗಲಿಲ್ಲ.

ಅತ್ತಿಗೆಯ ಚಿಕ್ಕಪ್ಪನವರೆಗೆ ಎಲ್ಲರೂ ಒಳಗಿದ್ದರು. ಅಷ್ಟೂ ಹೆಸರು ಹೇಳಿಕೊಟ್ಟವಳನ್ನು ತುಂಬಿಸುವುದನ್ನೇ ಮರೆತಿದ್ದೆ! ಹೆಂಡತಿ ಎದ್ದು ಸ್ಕೂಟರಿನ ಕೀ ತೆಗೆದು ಮಗಳ ಕೈಗಿಟ್ಟಳು.

ಸೋಮವಾರ ತೆಪ್ಪಗೆ ಬಸ್ಸಿನಲ್ಲಿ ಹೋದೆವು. ಡಾಕ್ಟರು ನನ್ನ ಹೆಸರು, ವಯಸ್ಸು ಬರೆದುಕೊಂಡು ಅವಳ ಕಡೆ ತಿರುಗಿದರು.

"ನೀವು ಇವರಿಗೆ ಏನಾಗ್ಬೇಕಮ್ಮ?"

"ನಿನ್ನೆ ನಾಲ್ಕು ಜನ ಹೆಂಡತೀರಲ್ಲಿ ಒಬ್ಬಳಾಗಿದ್ದೆ," ಎಂದಳು ನನ್ನವಳು. "ಆಮೇಲೆ ಸರಿಮಾಡ್ಬಿಟ್ರು."