ಸಾಹೇಬರ ಏಡಿಗೆ ಹದವಾದ ಕಾವು

ಸೀರೆಯ ಒಂದು ತುದಿ ಶರಣಮ್ಮನ ಕೈಯಲ್ಲಿ, ಇನ್ನೊಂದು ತುದಿ ಕಾಶಪ್ಪನ ಕೈಯಲ್ಲಿ. ಗಂಡ ಹೆಂಡತಿ ಎದುರುಬದುರು ನಿಂತು ನೀರು ಹಿಂಡುತ್ತಿದ್ದಾಗ ಪುಣೆ ಹತ್ತಿರದ ಭೋಸರಿಯ ಅವರ ವಠಾರದ ಮುಂದೆ ಸ್ಕೂಟರ್ ಬಂದು ನಿಂತಿತು. ಇಳಿದವರು ಕಾರ್ಖಾನೆಯ ಸುಪರ್‌ವೈಜರ್ ಅಪ್ಪಾಸಾಹೇಬರು. ಕಾಶಪ್ಪ ಗಾಬರಿಯಲ್ಲಿ ತನ್ನ ತುದಿ ಬಿಟ್ಟ. ಶರಣಮ್ಮ ಹಿಂದಕ್ಕೆ ಹೋಗಿ ಬಕೆಟ್ಟಿನಲ್ಲಿ ಕೂತಳು.

ಸಾಹೇಬರ ಕೈಯಲ್ಲಿ ಶಾಲು ಹೊದ್ದ ಗಾಜಿನ ಪೆಟ್ಟಿಗೆಯಿತ್ತು.

"ಕಾಶಪ್ಪಾ, ನಾವೆಲ್ಲಾ ಭೋರ್ ಊರಿಗೆ ಲಗ್ನಕ್ಕ ಹೊಂಟೀವಿ. ಅಲ್ಲಿ ಥಂಡಿ ಭಾಳ. ನಮ್ಮ ಮಗಳು ಇಂದೂನ ಏಡಿ ಸಂಜೀತನಕ ನಿನ್ನ ಕಡೆ ಇರ್ಲಿ."

ಒದ್ದೆ ಮರಳು, ಅದರ ಮೇಲೊಂದು ಶಂಖ, ಶಂಖದೊಳಗೆ ಮುನಿಸಿಕೊಂಡ ಅಳಿಯನಂತೆ ಮುಖ ತೋರದೆ ಕೂತ ಏಡಿ. ಗಾಜಿಗೆ ಅಂಟಿಸಿದ ಮೀಟರಿನ ಮುಳ್ಳು ಹಸಿರು ಪಟ್ಟಿಯೊಳಗೇ ಇರಬೇಕು. ಇಳಿದರೆ ಏಡಿ ಚಳಿಗೆ ಸಾಯುತ್ತದೆ, ಏರಿದರೆ ಬೇಯುತ್ತದೆ. ಕಾವಿಗೆಂದು ಮುಚ್ಚಳದಲ್ಲಿ ಒಂದು ಬಲ್ಬು.

"ಇದು ಜೀವಂತ ವಾಪಸ್ ಬಂತಂದ್ರ ನಿನ್ನ ಅರ್ಜಿ ಇವತ್ತ ಮುಂಬಯಿಗೆ ಹೋತು ಅಂತ ತಿಳ್ಕೊ!" ಎಂದು ಸಾಹೇಬರು ಸ್ಕೂಟರ್ ಒದ್ದರು.

ಅರ್ಜಿ! ಎಂಟು ವರ್ಷ ಕಬ್ಬಿಣ ಕಾಯಿಸುವ ಭಟ್ಟಿಯ ಮುಂದೆ ನಿಂತು ಕಾಶಪ್ಪನ ಹುಬ್ಬುಗಳು ಸುಟ್ಟುಹೋಗಿದ್ದವು. ಪ್ಯಾಕಿಂಗ್ ವಿಭಾಗದ ನೆರಳಿಗೆ ಹಾಕಿರೆಂದು ಅರ್ಜಿ ಬರೆಸಿ ಎರಡು ವರ್ಷವಾಗಿತ್ತು. ಅದಕ್ಕೆ ಅಪ್ಪಾಸಾಹೇಬರು ತಮ್ಮ ಅಭಿಪ್ರಾಯ ನಾಲ್ಕು ಸಾಲು ಬರೆದು ಮುಂಬಯಿಯ ದೊಡ್ಡ ಆಫೀಸಿಗೆ ಕಳಿಸಬೇಕು. ಸ್ಟಾಂಪು ಹಚ್ಚಿಯೇ ಕೊಟ್ಟಿದ್ದರೂ ಆ ಕವರು ಅವರ ಸ್ಕೂಟರಿನ ಡಿಕ್ಕಿಯಲ್ಲಿ ಕೂತು ಪುಣೆಯನ್ನೆಲ್ಲ ಸುತ್ತಿ ನೋಡುತ್ತಿತ್ತು.

ಅಂದು ಗುರುವಾರ. ಭೋಸರಿಯಲ್ಲಿ ಗುರುವಾರ ಕಾರ್ಖಾನೆಗೂ ರಜೆ, ಕರೆಂಟಿಗೂ ರಜೆ. ಹತ್ತು ಗಂಟೆಗೆ ಬಲ್ಬು ಕಣ್ಣು ಮುಚ್ಚಿತು. ಡಿಸೆಂಬರಿನ ಚಳಿಗೆ ಮುಳ್ಳು ಇಳಿಯತೊಡಗಿತು.

"ಬಿಸಲಾಗ ಇಡಪ್ಪಾ, ಹಪ್ಪಳ ಇಟ್ಟಂಗ," ಎಂದಳು ಪಕ್ಕದ ಮನೆಯ ಹುಲಿಗೆವ್ವ.

ಇಟ್ಟ. ಮುಳ್ಳು ಹಸಿರು ಪಟ್ಟಿ ದಾಟಿ ಕೆಂಪಿಗೆ ಜಿಗಿಯಿತು. ನೆರಳಿಗೆ ತಂದ. ಮತ್ತೆ ಬಿತ್ತು. ಹುಲಿಗೆವ್ವ ತನ್ನ ಕೌದಿ ತಂದು ಹೊದಿಸಿದಳು. ಸಾಲಲಿಲ್ಲ.

"ಬಾಣಂತಿ ಮಂಚದ ಕೆಳಗ ಇಡ್ತಾರಲ್ಲ, ಹಂಗ ಕೆಂಡ ಇಡೂಣೇನು?"

"ಬ್ಯಾಡವ್ವಾ! ಗಾಜು ಸೀಳ್ತದ!" ಎಂದ ಕಾಶಪ್ಪ.

ಮೂಲೆಯ ಹೋಟೆಲಿನ ಸಂಕಪ್ಪ ಕೈ ಒರೆಸುತ್ತ ಬಂದ. ಕರಾವಳಿಯವನು. ಏಡಿ ಎಂದರೆ ತನ್ನ ಊರಿನ ನೆಂಟ ಎಂಬ ಧಿಮಾಕು.

"ಎಂತ ಮಾರಾಯ, ಏಡಿಯನ್ನು ಒಣಗಿಸ್ತಿದ್ದೀಯಾ? ಒಣಗಿದ್ರೆ ರುಚಿ ಇಲ್ಲ. ಹೋಟ್ಲಿಗೆ ತಾ, ಇಡ್ಲಿ ಒಲೆ ಇಡೀ ದಿನ ಉರೀತದೆ."

ಪೆಟ್ಟಿಗೆ ಇಡ್ಲಿ ಒಲೆಯ ಹತ್ತಿರದ ಮೇಜಿಗೆ ಬಂತು. ಅಲ್ಲಿ ಕಾಶಪ್ಪನ ಎಂಟು ವರ್ಷದ ವಿದ್ಯೆ ಕೆಲಸಕ್ಕೆ ಬಂತು. ಅಂಗೈ ಹಿಂಭಾಗ ಗಾಜಿಗೆ ತಾಗಿಸುವುದು, ಒಂದು ಗೇಣು ಒಲೆಯ ಕಡೆ ಸರಿಸುವುದು, ನಾಲ್ಕು ಬೆರಳು ಹಿಂದಕ್ಕೆಳೆಯುವುದು. ಮುಳ್ಳು ಮೊಳೆ ಹೊಡೆದಂತೆ ಹಸಿರಿನಲ್ಲಿ ನಿಂತಿತು. ಒಬ್ಬ ಗಿರಾಕಿ ಏಡಿಯನ್ನು ನೋಡಿ ಪ್ಲೇಟಿಗೆಷ್ಟು ಎಂದು ಕೇಳಿಯೂ ಬಿಟ್ಟ. ರೇಟು ಹೇಳಲು ಬಾಯಿ ತೆರೆದಿದ್ದ ಸಂಕಪ್ಪ, ಕಾಶಪ್ಪನ ಮುಖ ನೋಡಿ ಮುಚ್ಚಿಕೊಂಡ.

ನಾಲ್ಕು ಗಂಟೆಗೆ ಕಾಶಪ್ಪ ಪೆಟ್ಟಿಗೆಯೊಳಗೆ ಇಣುಕಿದವನು ಹಾಗೇ ಕುಸಿದ. ಶಂಖದ ಹೊರಗೆ, ಮರಳ ಮೇಲೆ, ಕಾಲು ಕೊಂಡಿ ಸಮೇತ ಏಡಿ ಮಗುಚಿ ಬಿದ್ದಿತ್ತು. ಗಾಜು ಬಡಿದರೂ ಮಿಸುಕಲಿಲ್ಲ.

"ಮನಿ ಬಿಟ್ಟು ಬೈಲಿಗೆ ಬಂದು ಪ್ರಾಣ ಬಿಟ್ಟದ ನೋಡ್ರಿ. ಪುಣ್ಯದ ಜೀವ," ಎಂದು ಹುಲಿಗೆವ್ವ ಸೊಂಟದ ಸಂಚಿಯಿಂದ ವಿಭೂತಿ ತೆಗೆದು ಉದುರಿಸಿದಳು.

ಕಾಶಪ್ಪನ ಕಣ್ಣಲ್ಲಿ ನೀರು. ಶರಣಮ್ಮ ಕೇಳಿದಳು: "ಏಡಿ ಹೋತಂತ ಅಳಕತ್ತೀರೋ, ಅರ್ಜಿ ಹೋತಂತೋ?"

"ಎರಡೂ ಒಂದ ಪೆಟ್ಟಿಗ್ಯಾಗ ಇದ್ದುವಲ್ಲೇ!"

ಅಷ್ಟರಲ್ಲಿ ಸ್ಕೂಟರಿನ ಸದ್ದು. ಕಾಶಪ್ಪ ಓಡಿಹೋಗಿ ಕಾಲಿಗೇ ಬಿದ್ದ. "ಸಾಹೇಬ್ರ, ಮುಳ್ಳ ಕೂದಲೆಳಿಯಷ್ಟೂ ಅಲ್ಲಾಡಿಲ್ರಿ! ತಾನ ಸತ್ತದ್ರಿ!"

ಅಪ್ಪಾಸಾಹೇಬರು ಹೆಣವನ್ನು ಎರಡು ಬೆರಳಲ್ಲಿ ಎತ್ತಿದರು. ಕಡಲೆ ಸಿಪ್ಪೆಯಂತೆ ಹಗುರ, ಒಳಗೆ ಟೊಳ್ಳು. ಶಂಖವನ್ನು ಬಗ್ಗಿ ನೋಡಿದರು. ಒಳಗಿನಿಂದ ಎಳೆಗೆಂಪು ಕೊಂಡಿಯೊಂದು ಮೆಲ್ಲಗೆ ಅಲ್ಲಾಡಿತು.

"ಅರೇ, ಪೊರಿ ಕಳಚೇತೋ! ಕಾವು ಬರೋಬರ್ ಇದ್ರನ ಕಳಚತೈತಿ ಅಂತ ಅಂಗಡ್ಯಾಂವ ಹೇಳಿದ್ದ. ನಮ್ಮ ಮನ್ಯಾಗ ವರ್ಷಾತು, ಒಂದ ಕಾಲ ಸೈತ ಕಳಚಿರ್ಲಿಲ್ಲ!"

ಹುಲಿಗೆವ್ವ ಸದ್ದಿಲ್ಲದೆ ಸಂಚಿ ಕಟ್ಟಿಕೊಂಡಳು.

ಸಾಹೇಬರು ಆ ಖುಷಿಯಲ್ಲೇ ಡಿಕ್ಕಿಯಿಂದ ಕವರು ತೆಗೆದರು. ಮಡಿಕೆಯಲ್ಲೇ ಹಳದಿಯಾದ ಅರ್ಜಿಯನ್ನು ಮತ್ತೆ ಓದುವ ತಾಳ್ಮೆ ಯಾರಿಗಿತ್ತು? ತಿರುಗಿಸಿ ಹಿಂದಿನ ಖಾಲಿ ಮಗ್ಗುಲಿಗೆ ನಾಲ್ಕಲ್ಲ, ಹತ್ತು ಸಾಲು ಮರಾಠಿಯಲ್ಲಿ ಬರೆದರು. ಗೋಂದು ಇರಲಿಲ್ಲ, ಸಂಕಪ್ಪ ಇಡ್ಲಿ ಹಿಟ್ಟು ಹಚ್ಚಿ ಅಂಟಿಸಿದ. ಅದು ಮತ್ತೆ ಡಿಕ್ಕಿ ಸೇರೀತೆಂದು ಹೆದರಿ ಕಾಶಪ್ಪ ಕಿತ್ತುಕೊಂಡೇ ಎದುರಿನ ಅಂಚೆ ಡಬ್ಬಿಗೆ ಓಡಿದ. ಎಲ್ಲರೂ ಹಿಂದೆಯೇ ಹೋದರು. ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ಒಳಗೆ ಬಿಟ್ಟ. ಟಪ್ ಎಂದಿತು.

"ಏನ್ ಬರದ್ರಿ ಸಾಹೇಬ್ರ?" ಎಂದಳು ಶರಣಮ್ಮ.

ಅಪ್ಪಾಸಾಹೇಬರು ಕಾಶಪ್ಪನ ಬೆನ್ನು ತಟ್ಟಿದರು. "ಇದ್ದದ್ದ ಬರದೆ, ತಂಗಿ. ಕಾವಿನ ಹದಾ ಇವನಷ್ಟು ತಿಳದಾಂವ ನಮ್ಮ ಕಾರ್ಖಾನ್ಯಾಗ ಇನ್ನೊಬ್ಬ ಇಲ್ಲ. ರಿಟೈರ್ ಆಗೂತನಕ ಇವನ್ನ ಭಟ್ಟಿ ಬಿಟ್ಟು ಎಲ್ಲೂ ಸರಸಬ್ಯಾಡ್ರಿ ಅಂತ."

ಕಾಶಪ್ಪನ ಕೈ ಇನ್ನೂ ಡಬ್ಬಿಯ ಬಾಯಲ್ಲೇ ಇತ್ತು. ಮಣಿಕಟ್ಟಿನವರೆಗೆ ತುರುಕಿ, ಐದೂ ಬೆರಳನ್ನು ಏಡಿಯ ಹಾಗೆ ಆಡಿಸಿ ಆಡಿಸಿ ತಡಕಾಡಿದ. ಕಾಗದ ಮಾತ್ರ ತಳ ಸೇರಿಯಾಗಿತ್ತು.